ಡಬ್ಬಿ ಆಮೇಲೆ ತೆಗೆಯಿರಿ, ಮೊದಲು ಕಲ್ಲು ಮಗುಚಿ

ಟ್ರೌಟ್ ಮೀನು ಹಿಡಿಯಲು ಹೋದವರು ಹೊಳೆ ಕಂಡ ಕೂಡಲೇ ಫ್ಲೈ ಡಬ್ಬಿ ತೆಗೆದು, ಚೆಂದ ಕಂಡದ್ದನ್ನು ದಾರಕ್ಕೆ ಕಟ್ಟಿಬಿಡುತ್ತಾರೆ. ನಾನೂ ಬಹಳ ದಿನ ಹಾಗೇ ಮಾಡಿದೆ. ಫ್ಲೈ ಎಂದರೆ ಕೊಕ್ಕೆಗೆ ಗರಿ, ಕೂದಲು ಸುತ್ತಿ ಮಾಡಿದ ಸುಳ್ಳು ಹುಳು. ಅದನ್ನು ಆರಿಸಬೇಕಾದದ್ದು ನಾವಲ್ಲ, ಹೊಳೆ. ವಸಂತದ ಕೊನೆಗಂತೂ ಒಂದೇ ದಿನ ಮೂರು ನಾಲ್ಕು ಬಗೆಯ ಹುಳುಗಳು ಹೊರಬರುತ್ತವೆ. ಮೀನಿಗೆ ಹಬ್ಬ, ನಮಗೆ ಗೊಂದಲ.

ಮೊದಲು ಮೊಣಕಾಲುದ್ದ ನೀರಿಗಿಳಿದು ಒಂದು ಕಲ್ಲು ಮಗುಚಿ. ಅಡಿಯಲ್ಲಿ ಮೀನು ತಿನ್ನುವ ಮೂರು ಬಗೆಯ ಹುಳುಗಳ ಮರಿಗಳು ಸಿಗಬಹುದು. ಹೊಟ್ಟೆಯ ಎರಡೂ ಪಕ್ಕ ಎಲೆಯಂಥ ಕಿವಿರು ಇದ್ದು, ಹೆಚ್ಚಾಗಿ ಮೂರು ಬಾಲವಿರುವುದು ಮೇಫ್ಲೈ ಮರಿ. ಎರಡೇ ಬಾಲ, ಗಟ್ಟಿ ಕಾಲು ಇದ್ದರೆ ಸ್ಟೋನ್‌ಫ್ಲೈ. ಮರಳು, ಕಡ್ಡಿ ಅಂಟಿಸಿದ ಪುಟ್ಟ ಕೊಳವೆ ಕಂಡರೆ ಒಳಗಿರುವುದು ಕ್ಯಾಡಿಸ್. ನೋಡಿಯಾದ ಮೇಲೆ ಕಲ್ಲನ್ನು ಇದ್ದಂತೆಯೇ ಇಡಿ.

ಆಮೇಲೆ ಪೊದೆ, ಸೇತುವೆಯ ಅಡಿ ನೋಡಿ. ಜೇಡರ ಬಲೆ ಹರಿದಿರದಿದ್ದರೆ ನಿನ್ನೆ ಸಂಜೆಯ ಹುಳುಗಳೆಲ್ಲ ಅಲ್ಲೇ ಸಿಗುತ್ತವೆ. ರೆಕ್ಕೆ ದೋಣಿಯ ಹಾಯಿಯಂತೆ ನೆಟ್ಟಗಿದ್ದರೆ ಮೇಫ್ಲೈ, ಮನೆಯ ಮಾಡಿನಂತೆ ಇಳಿಜಾರಾಗಿದ್ದರೆ ಕ್ಯಾಡಿಸ್, ಬೆನ್ನಿಗೆ ಚಪ್ಪಟೆಯಾಗಿ ಅಂಟಿದ್ದರೆ ಸ್ಟೋನ್‌ಫ್ಲೈ.

ಈಗ ಸುಮ್ನೆ ಹತ್ತು ನಿಮಿಷ ಕೂತು ಮೀನು ಏಳುವ ರೀತಿ ಗಮನಿಸಿ. ಇಲ್ಲೇ ಜಾಸ್ತಿ ಜನ ಎಡವುವುದು. ಮೂತಿ ಕಂಡು, ಮೇಲೊಂದು ಗುಳ್ಳೆ ಉಳಿದರೆ ಮೀನು ನೀರಿನ ಮೇಲಿನದ್ದನ್ನೇ ತಿನ್ನುತ್ತಿದೆ. ಮೀನಿನ ಬೆನ್ನು, ಈಜುರೆಕ್ಕೆ ಮಾತ್ರ ಕಂಡರೆ ಅದು ಹಿಡಿಯುತ್ತಿರುವುದು ಮೇಲೆ ಬರುತ್ತಿರುವ ಹುಳುವಿನ ಮರಿಗಳನ್ನು. ಆಗ ತೇಲುವ ಫ್ಲೈ ಹಾಕಿದರೆ ಪ್ರಯೋಜನ ಕಡಿಮೆ. ಜೋರಾಗಿ ನೀರು ಚಿಮ್ಮಿದರೆ ಬಹುಮಟ್ಟಿಗೆ ಕ್ಯಾಡಿಸ್. ಏನೂ ಏಳದಿದ್ದರೆ ನಿಂಫ್, ಅಂದರೆ ನೀರೊಳಗಿನ ಮರಿಯಂತೆ ಕಟ್ಟಿದ ಫ್ಲೈ, ಮುಳುಗಿಸಿ.

ಒಮ್ಮೆ ಸಂಜೆ ಸುತ್ತಲೂ ಕ್ಯಾಡಿಸ್ ಹಾರುತ್ತಿತ್ತು, ಮೀನೂ ಏಳುತ್ತಿತ್ತು. ಏಳು ಕ್ಯಾಡಿಸ್ ಫ್ಲೈ ಬದಲಿಸಿದೆ, ಒಂದನ್ನೂ ಮುಟ್ಟಲಿಲ್ಲ. ಕೊನೆಗೆ ಬಗ್ಗಿ ಮೂಗು ನೀರಿಗೆ ತಾಗುವಷ್ಟು ಹತ್ತಿರದಿಂದ ನೋಡಿದರೆ, ಮೊಟ್ಟೆಯಿಟ್ಟು ಸತ್ತ ಕೆಂಗಂದು ಮೇಫ್ಲೈಗಳು ರೆಕ್ಕೆ ಚಾಚಿ ತೇಲಿಹೋಗುತ್ತಿವೆ! ಇವಕ್ಕೆ ಸ್ಪಿನ್ನರ್ ಎನ್ನುತ್ತಾರೆ. ನಿಂತು ನೋಡಿದರೆ ಕಾಣುವುದೇ ಇಲ್ಲ. ಮೀನು ಅವನ್ನು ಸದ್ದಿಲ್ಲದೆ ಹೀರುತ್ತದೆ. ನೀರು ಚಿಮ್ಮುವ ಸದ್ದೇ ಇಲ್ಲ ಎಂಬುದನ್ನು ಗಮನಿಸಿದ್ದರೂ ಸಾಕಿತ್ತು, ಅಲ್ವಾ?

ಹುಳು ಗೊತ್ತಾದ ಮೇಲೆ ಮೊದಲು ಅಳತೆ ಹೊಂದಿಸಿ, ಆಮೇಲೆ ಆಕಾರ, ಕೊನೆಗೆ ಬಣ್ಣ. ಕೊಕ್ಕೆಯ ನಂಬರ್ ಉಲ್ಟಾ: 12 ದೊಡ್ಡದು, 18 ಸಣ್ಣದು. ನಿಜವಾದ ಹುಳುವನ್ನು ಅಂಗೈಯಲ್ಲಿಟ್ಟು, ಬಾಲ ಬಿಟ್ಟು ಮೈಯನ್ನು ಮಾತ್ರ ಫ್ಲೈ ಜೊತೆ ಹೋಲಿಸಿ. ಅನುಮಾನವಿದ್ದರೆ ಒಂದು ಅಳತೆ ಸಣ್ಣದೇ ಇರಲಿ. ಬಣ್ಣಕ್ಕೆ ಹುಳುವಿನ ಹೊಟ್ಟೆ ನೋಡಿ, ಬೆನ್ನಲ್ಲ. ಮೀನು ನೋಡುವುದು ಕೆಳಗಿನಿಂದ ತಾನೇ.

ಡಬ್ಬಿಯಲ್ಲಿ ಹೆಚ್ಚೇನೂ ಬೇಡ. 14, 16ರ ಫೆಸೆಂಟ್ ಟೇಲ್ ನಿಂಫ್ ಇರಲಿ. ಇಂಗ್ಲೆಂಡಿನಲ್ಲಿ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್ ಇದನ್ನು ನೂಲಿಲ್ಲದೆ ಬರೀ ತಾಮ್ರದ ತಂತಿಯಲ್ಲೇ ಕಟ್ಟಿದರು, ತಂತಿಯ ಭಾರಕ್ಕೆ ತಾನೇ ಮುಳುಗುತ್ತದೆ. ಅದೇ ಅಳತೆಯ ಎಲ್ಕ್ ಹೇರ್ ಕ್ಯಾಡಿಸ್ ಎಂಬ ತೇಲುವ ಫ್ಲೈ, ಸಂಜೆಗೆ 16ರ ಕಂದು ಸ್ಪಿನ್ನರ್. ಒಂದೇ ಒಂದು ಒಯ್ಯಬೇಕೆಂದರೆ ನಾನು ಆಡಮ್ಸ್ ಎಂಬ ತೇಲುವ ಫ್ಲೈ ಒಯ್ಯುತ್ತೇನೆ. 1922ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಲೆನಾರ್ಡ್ ಹ್ಯಾಲಡೆ ಕಟ್ಟಿದ್ದು. ಯಾವ ಹುಳುವನ್ನೂ ಸರಿಯಾಗಿ ಹೋಲುವುದಿಲ್ಲ, ಹತ್ತಾರು ಹುಳುಗಳನ್ನು ಸುಮಾರಾಗಿ ಹೋಲುತ್ತದೆ. ಹಿಮ ಕರಗಿ ನೀರು ಕೆಂಪಾಗಿದ್ದರೆ ಇದ್ಯಾವುದೂ ಬೇಡ, ವೂಲಿ ಬಗ್ಗರ್ ಎಂಬ ದೊಡ್ಡ ಕಪ್ಪು ಮುಳುಗುವ ಫ್ಲೈ ಹಾಕಿ.

ಮೀನು ಹತ್ತಿರ ಬಂದು ತಿರುಗಿ ಹೋಯಿತೇ? ಫ್ಲೈ ಬದಲಿಸುವ ಮುಂಚೆ ಅದು ತೇಲುವುದನ್ನು ನೋಡಿ. ಹಿಂದೆ ಸಣ್ಣ ಗೀರು ಎಳೆಯುತ್ತಿದ್ದರೆ ದಾರ ಜಗ್ಗುತ್ತಿದೆ ಎಂದರ್ಥ. ದಾರ ಸಡಿಲ ಬಿಟ್ಟು ಇನ್ನೊಮ್ಮೆ ಎಸೆಯಿರಿ. ಗೀರಿಲ್ಲದೆ ಮೂರು ಸಲ ತೇಲಿದರೂ ಬೇಡವೆಂದರೆ, ಅದೇ ಫ್ಲೈಯ ಒಂದು ಅಳತೆ ಸಣ್ಣದನ್ನು ಕಟ್ಟಿ.