ಆಳೆತ್ತರದ ಪೌರಾಣಿಕ ಚಿತ್ರ ಶುರು ಮಾಡೋವಾಗ ಇದ್ದಿಲಿಗೆ ಕೋಲು ಕಟ್ಕೊಳ್ಳಿ

ದುರ್ಗೆನೋ ಭೀಮನೋ, ಆರಡಿ ಕ್ಯಾನ್ವಾಸ್ ಮೇಲೆ ಶುರು ಮಾಡೋದಿದ್ರೆ ಮೊದಲ ಗೆರೆ ಚಾರ್ಕೋಲ್ (ಚಿತ್ರ ಬರೆಯೋ ಇದ್ದಿಲು ಕಡ್ಡಿ) ಕೈಲಿ ಹಿಡ್ಕೊಂಡು ಎಳೀಬೇಡಿ, ಮೂರಡಿ ಬಿದಿರು ಕೋಲಿನ ತುದಿಗೆ ಟೇಪಲ್ಲಿ ಸುತ್ತಿ ದೂರ ನಿಂತು ಎಳೀರಿ. ಹತ್ರ ನಿಂತ್ರೆ ಕಣ್ಣಿಗೆ ಬೀಳೋದು ಎದುರಿಗಿರೋ ತುಂಡು ಅಷ್ಟೇ, ತಲೆ ದೊಡ್ಡದಾಗಿ ಕಾಲಿಗೆ ಬರೋಷ್ಟರಲ್ಲಿ ಜಾಗನೇ ಉಳಿದಿರಲ್ಲ. ಕೋಲಲ್ಲಾದ್ರೆ ಇಡೀ ಆಕೃತಿ ಒಟ್ಟಿಗೆ ಕಾಣುತ್ತೆ, ಗೆರೆನೂ ಮಣಿಕಟ್ಟಿಂದಲ್ಲ ಭುಜದಿಂದ ಬರುತ್ತೆ. (ಫ್ರೆಂಚ್ ಚಿತ್ರಕಾರ ಮತೀಸ್ ಕೂಡ ವಯಸ್ಸಾದ್ಮೇಲೆ ಉದ್ದ ಬಿದಿರಿಗೆ ಇದ್ದಿಲು ಕಟ್ಟಿ ಗೋಡೆ ಮೇಲೆ ಬರೀತಿದ್ರು.) ಗೆರೆ ನಡುಗುತ್ತೆ, ನಡುಗಲಿ ಬಿಡಿ. ಎಂಟು ಕೈ ದೇವಿ ಆದ್ರೆ ಮೊದಲು ಬೆನ್ನಿನ ಬಾಗು, ಸೊಂಟದ ಓರೆ, ಆಮೇಲೆ ಮುಂದಿನ ಎರಡು ಕೈ, ಮಿಕ್ಕ ಆರೂ ಅದೇ ಹೆಗಲ ಹಿಂದಿಂದ ಬೀಸಣಿಗೆ ಥರ ಬಿಚ್ಕೊಳ್ಳಲಿ, ಕಿರೀಟ ಆಯುಧ ಎಲ್ಲ ಕೊನೆಗೆ. ಮುಖಕ್ಕೆ, ಬೆರಳಿಗೆ ಈ ಕೋಲು ನಡೆಯಲ್ಲ, ಅಲ್ಲಿ ಹತ್ರ ಹೋಗ್ಲೇಬೇಕು. ಹಿಂದೆ ಸರಿಯೋಕೆ ಜಾಗ ಇಲ್ಲದ ಸಣ್ಣ ರೂಮಲ್ಲೂ ವೇಸ್ಟು, ಸಣ್ಣ ಸ್ಕೆಚ್ ಮೇಲೂ ಕ್ಯಾನ್ವಾಸ್ ಮೇಲೂ ಚೌಕ ಹಾಕಿ, ಒಂದೊಂದೇ ಚೌಕ ನೋಡ್ಕೊಂಡು ದೊಡ್ಡದು ಮಾಡೋದೇ ವಾಸಿ. ಬಣ್ಣ ಹಚ್ಚೋ ಮುಂಚೆ ಒಣಬಟ್ಟೇಲಿ ಒಂದ್ಸಲ ಝಾಡಿಸಿ, ಇಲ್ಲಾಂದ್ರೆ ಇದ್ದಿಲ ಪುಡಿ ಸೇರಿ ಮೈಬಣ್ಣ ಬೂದಿ ಬೂದಿ ಆಗುತ್ತೆ.