ಮೂರರಿಂದ ನಾಲ್ಕು: ನಾನು ಯೋಗ ಟೀಚರ್ ಆದ ಕತೆ

ಹೋಟೆಲ್ ಗಲ್ಲಾದಲ್ಲಿ 26 ವರ್ಷ ಕೂತವನು ಯೋಗ ಕಲಿಸುತ್ತಾನಂತೆ ಅಂತ ನಕ್ಕವರು ಒಬ್ಬಿಬ್ಬರಲ್ಲ. ನನ್ನವಳಂತೂ "ಮೊದಲು ನಿಮ್ಮ ಹೊಟ್ಟೆ ಕರಗಲಿ, ಆಮೇಲೆ ಊರಿಗೆ ಕಲಿಸಿ" ಅಂದಿದ್ದಳು. ಈಗ ಪುಣೆಯ ಕೋಥ್ರೂಡ್‌ನಲ್ಲಿ ಬೆಳಿಗ್ಗೆ ಎರಡು ಬ್ಯಾಚ್ ನಡೆಯುತ್ತಿವೆ. ಅದಕ್ಕೇ ಬರೆಯುವ ಧೈರ್ಯ ಬಂತು. ಆಸನ ಮಾಡುವುದು ಹೇಗೆ ಅಂತ ಹೇಳಲ್ಲ, ಅದು ನಿಮಗೆ ಗೊತ್ತಿರುವುದೇ.

ಮೊದಲ ತಪ್ಪು ಗೋವಾ. ಒಂದೇ ತಿಂಗಳಲ್ಲಿ 200 ಗಂಟೆಯ ಯೋಗ ಟೀಚರ್ ತರಬೇತಿ ಮುಗಿಸಿ ಸರ್ಟಿಫಿಕೇಟ್ ಕೊಡುತ್ತೇವೆ ಅಂದರು. 25 ಸಾವಿರ ಅಡ್ವಾನ್ಸ್ ಕಟ್ಟಿ ನವೆಂಬರ್‌ನಲ್ಲಿ ಹೋದೆ. ತೆಂಗಿನ ಗರಿಯ ಚಪ್ಪರ, ಸಮುದ್ರದ ಗಾಳಿ, ಎಲ್ಲಾ ಚಂದ. ಬೆಳಿಗ್ಗೆ ಆರಕ್ಕೆ ಅಷ್ಟಾಂಗ ಪ್ರೈಮರಿ ಅನ್ನುವ ಆಸನಗಳ ಸರಣಿ, ಮಧ್ಯಾಹ್ನ ಇಂಗ್ಲಿಷಿನಲ್ಲಿ ಅನಾಟಮಿ, ಸಂಜೆ ಮತ್ತೆ ಆಸನ. ಪಕ್ಕದ ಮ್ಯಾಟಿನಲ್ಲಿ ರಷ್ಯಾದ ಹುಡುಗಿಯೊಬ್ಬಳು ಚಕ್ಕುಲಿ ಹಾಗೆ ಸುತ್ತಿಕೊಳ್ಳುತ್ತಿದ್ದಳು. ಅವಳನ್ನು ನೋಡಿ ನಾನೂ ಮರೀಚ್ಯಾಸನದಲ್ಲಿ ಜಾಸ್ತಿ ತಿರುಗಿದೆ. ಆರನೇ ದಿನ ಸೊಂಟ ಹಿಡಿಯಿತು. ಏಳನೇ ದಿನ ಸ್ಲೀಪರ್ ಬಸ್ಸಿನಲ್ಲಿ ಮಲಗಿಕೊಂಡೇ ವಾಪಸ್. ದುಡ್ಡು ಕೇಳಿದರೆ ಫಾರ್ಮಿನ ಹಿಂದಿನ ಸಣ್ಣ ಅಕ್ಷರ ತೋರಿಸಿದರು. ಬಿಡಿ.

ಲೋಣಾವಳದ ಯೋಗ ಸಂಸ್ಥೆ ಕೈವಲ್ಯಧಾಮ 1924ರಿಂದ ಇದೆ, ನಮಗೆ ಹತ್ತಿರ. ಆದರೆ ಅಲ್ಲೇ ಉಳಿದು ಕಲಿಯಲು ಹೋದರೆ ಗಲ್ಲಾದಲ್ಲಿ ಕೂರುವವರು ಯಾರು? ಕೊನೆಗೆ ಪುಣೆಯಲ್ಲೇ ಶನಿವಾರ-ಭಾನುವಾರದ ಬ್ಯಾಚ್ ಹಿಡಿದೆ. ಎಂಟು ತಿಂಗಳು, ಸುಮಾರು 38 ಸಾವಿರ, ಮೂರು ಕಂತು. ಆ ಎಂಟು ತಿಂಗಳ ಭಾನುವಾರದ ವ್ಯಾಪಾರ ತಮ್ಮ ನೋಡಿಕೊಂಡ. ಅವನ ಲೆಕ್ಕ ಮಾತ್ರ ಕೇಳಬೇಡಿ.

ಅಲ್ಲಿಯೂ ಮೊದಲ ಟೀಚಿಂಗ್ ಪ್ರಾಕ್ಟಿಕಲ್‌ನಲ್ಲಿ ಫೇಲ್. ತ್ರಿಕೋನಾಸನ ಕಲಿಸಬೇಕಿತ್ತು. ಬಲಗೈ ಅಂದು ನನ್ನ ಬಲಗೈಯನ್ನೇ ಎತ್ತಿದೆ. ಎದುರಿದ್ದವರಲ್ಲಿ ಅರ್ಧ ಜನ ನನ್ನ ಮಾತು ಕೇಳಿದರು, ಇನ್ನರ್ಧ ನನ್ನ ಕೈ ನೋಡಿದರು. ಒಬ್ಬರ ಕೈ ಇನ್ನೊಬ್ಬರ ಮೂಗಿಗೆ ಬಡಿಯಿತು. ಕನ್ನಡಿಯ ಹಾಗೆ ಮಾಡಬೇಕು ಅಂತ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ ಮರಾಠಿ. ಬಿಲ್ಲಿನ ಮರಾಠಿ ನನಗೆ ಬರುತ್ತದೆ, ಮಂಡಿಚಿಪ್ಪಿನ ಮರಾಠಿ ಬರಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು 1937ರಲ್ಲಿ ಪುಣೆಗೆ ಕಲಿಸಲು ಬಂದಾಗ ಅವರಿಗೂ ಮರಾಠಿ ಬರುತ್ತಿರಲಿಲ್ಲ, ಬಂದದ್ದೂ ಆರು ತಿಂಗಳ ಮಟ್ಟಿಗೆ. ಅವರಿಗಾಗ ವಯಸ್ಸು 18, ನನಗೆ 49 ಅನ್ನೋದು ಬೇರೆ ಮಾತು.

ನಮ್ಮ ಹೋಟೆಲ್ ಮಧ್ಯಾಹ್ನ ಮೂರರಿಂದ ನಾಲ್ಕು ಮುಚ್ಚಿರುತ್ತದೆ. ಪುಣೆಯವರ ನಿದ್ದೆಯ ಹೊತ್ತು, ಗಿರಾಕಿ ಹೇಗೂ ಬರಲ್ಲ. ಟೇಬಲ್ ಗೋಡೆಗೆ ಸರಿಸಿ ಅಲ್ಲೇ ಕ್ಲಾಸ್ ಶುರು ಮಾಡಿದೆ. ನಾಲ್ಕು ಮಾಣಿಗಳು, ಒಬ್ಬ ಕ್ಲೀನರ್, ದೋಸೆ ಭಟ್ಟರು. ಬ್ಯಾಚಿನ ಗೆಳೆಯರು "ಇದೆಂಥಾ ಪ್ರಾಕ್ಟೀಸ್" ಅಂದರು. ಮೊದಲ ದಿನ ಕಾಲು ಗೋಡೆಗೆ ಹಾಕಿಸಿ ವಿಪರೀತ ಕರಣಿ ಮಾಡಿಸಿದೆ. ಬೆಳಿಗ್ಗೆ ಐದರಿಂದ ನಿಂತ ಕಾಲುಗಳು. ಐದು ಜನ ನಿದ್ದೆ ಹೋದರು, ಒಬ್ಬ ಗೊರಕೆ ಹೊಡೆದ.

ಬಲಗೈ ಅನ್ನುವುದು ಬಿಟ್ಟು "ಊಟದ ಕೈ" ಅಂದೆ. ಆಮೇಲೆ ಒಬ್ಬನೂ ತಪ್ಪಲಿಲ್ಲ. ನಾನೂ ತಪ್ಪಲಿಲ್ಲ. ಅದಕ್ಕಿಂತ ದೊಡ್ಡದು ಭಟ್ಟರದ್ದು. ಅಂಗಾಲು ಹರಡಿ, ಹರಡಿ ಅಂತ ನಾನು ಬಾಯಿ ಬಡಿದುಕೊಳ್ಳುತ್ತಿದ್ದೆ. "ಧಣಿ, ಹರಡೋದು ಅಂದ್ರೆ ಕಾವಲಿ ಮೇಲೆ ಹಿಟ್ಟು ಹರಡೋ ಹಾಗಾ?" ಅಂದರು. ಹೂಂ ಅಂದೆ, ಸುಮ್ನೆ. ಭಟ್ಟರು ಹಿಮ್ಮಡಿ ಊರಿದರು. ಅಲ್ಲಿಂದ ಕಿರುಬೆರಳಿನ ಕಡೆಗೆ, ಆಮೇಲೆ ಸುತ್ತಿಕೊಂಡು ಹೆಬ್ಬೆರಳಿನ ಬುಡಕ್ಕೆ, ಸೌಟು ತಿರುಗಿಸಿದ ಹಾಗೆ ಭಾರ ತಂದರು. ಪಾದದ ನಡುಭಾಗ ತಾನಾಗಿ ಮೇಲೆದ್ದಿತು. ಎರಡು ತಿಂಗಳಿಂದ ನನ್ನ ಬಾಯಲ್ಲಿ ಬರದಿದ್ದದ್ದು ಅದೇ. ಓಡಿಹೋಗಿ ಬಿಲ್ ಬುಕ್ಕಿನ ಹಿಂದೆ ಬರೆದಿಟ್ಟೆ. ಇಂಥ ಮಾತುಗಳಿಂದಲೇ ಮೂರು ಬಿಲ್ ಬುಕ್ ತುಂಬಿದವು. ನೂರರ ಹತ್ತಿರ ಕ್ಲಾಸ್ ಆಗಿರಬೇಕು.

ಪ್ರಾಪ್ಸ್‌ಗೆ, ಅಂದರೆ ಆಸನಕ್ಕೆ ಆಸರೆ ಕೊಡುವ ಸಾಮಾನಿಗೆ, ದುಡ್ಡು ಹಾಕಬಾರದು ಅಂತ ಹಟ. ಇಡ್ಲಿ ಅಕ್ಕಿಯ ಹತ್ತು ಕಿಲೋ ಮೂಟೆಯನ್ನೇ ಬೋಲ್ಸ್ಟರ್ (ಒರಗುವ ದಿಂಬು) ಮಾಡಿದೆ, ಇರುವೆ ಬಂತು. ಮಲಗಿ ಅಂಗಾಲು ಜೋಡಿಸುವ ಸುಪ್ತ ಬದ್ಧಕೋನದಲ್ಲಿ ತೊಡೆ ಮೇಲಿಡಲು ಕಲ್ಲುಪ್ಪಿನ ಚೀಲ ಹೊಲಿಸಿದೆ. ಜುಲೈ ಮಳೆಗೆ ನೀರೊಡೆದು ಮಾಣಿಯ ಪ್ಯಾಂಟೆಲ್ಲಾ ಒದ್ದೆ. ಆಮೇಲೆ ಮರಳು, ಡಬಲ್ ಹೊಲಿಗೆ. ಕುರ್ಚಿ ಮಾತ್ರ ಗೆದ್ದಿತು. ಹಳೇ ಕಬ್ಬಿಣದ ಮಡಚುವ ಕುರ್ಚಿಯ ಬೆನ್ನು ವೆಲ್ಡಿಂಗ್‌ನವನ ಕೈಲಿ ಕತ್ತರಿಸಿ ತೆಗೆಸಿದೆ, ಒಂದಕ್ಕೆ 150 ರೂಪಾಯಿ. ಅಂಗಡಿಯಲ್ಲಿ ಅದರ ರೇಟು ಕೇಳಿ ನೋಡಿ!

ಮಂಡಿ ನೋವಿನವರನ್ನು ವೀರಾಸನಕ್ಕೆ (ಮಂಡಿ ಮಡಚಿ ಕೂರುವ ಆಸನ) ಕೂರಿಸುವ ಉಪಾಯವೂ ಒಂದು ಸಿಕ್ಕಿದೆ. ಹೋಟೆಲಿನದೇ ಸಾಮಾನು, ಮಂಡಿಯ ಹಿಂದಕ್ಕೆ ಸುತ್ತಿ ಇಡುವುದು. ಯಾವುದು, ಎಷ್ಟು ದಪ್ಪ ಅಂತ ಇಲ್ಲಿ ಹೇಳಲ್ಲ. ಕ್ಲಾಸಿಗೆ ಬನ್ನಿ.

ಎರಡನೇ ಪ್ರಾಕ್ಟಿಕಲ್‌ನಲ್ಲಿ ಹರುಕು ಮರಾಠಿಯಲ್ಲೇ ದೋಸೆ ಕಾವಲಿ ಕತೆ ಹೇಳಿದೆ. ಪರೀಕ್ಷೆಗೆ ಬಂದಿದ್ದ ಮೇಡಂ ಚಪ್ಪಲಿ ಬಿಟ್ಟು ಎದ್ದು ನಿಂತು ತಾವೇ ಮಾಡಿ ನೋಡಿದರು. ಅಲ್ಲೇ ಗೊತ್ತಾಯಿತು, ಪಾಸ್. ಶೀರ್ಷಾಸನ ಇವತ್ತಿಗೂ ನನಗೆ ಒಂದು ನಿಮಿಷ ದಾಟಲ್ಲ. ಆದರೆ ಬ್ಯಾಚಿನಲ್ಲಿ ಬೆಣ್ಣೆ ಹಾಗೆ ಬಾಗುತ್ತಿದ್ದ 14 ಜನರಲ್ಲಿ ಇವತ್ತು ಕಲಿಸುತ್ತಿರುವವರು ಮೂರೋ ನಾಲ್ಕೋ.

ನನ್ನ ಹತ್ತಿರ 19-20 ಜನ ಬರುತ್ತಾರೆ, ತಿಂಗಳಿಗೆ 900. ಹಾಲ್ ಬಾಡಿಗೆ ನಾಲ್ಕು ಸಾವಿರ ಕಳೆದರೆ 13 ಸಾವಿರ ಉಳಿಯುತ್ತದೆ. ಗೋವಾದ್ದೂ ಸೇರಿಸಿ ಹಾಕಿದ 70 ಸಾವಿರ ಐದಾರು ತಿಂಗಳಲ್ಲಿ ವಾಪಸ್ ಬಂತು. ಹೋಟೆಲಿನ ಮಧ್ಯಾಹ್ನ ಮೂರರ ಕ್ಲಾಸ್ ಇನ್ನೂ ನಡೆಯುತ್ತಿದೆ. "ಕಾವಲಿ ಮಾತು ನನ್ನದು, ಅದರಿಂದಲೇ ನೀವು ಪಾಸಾದದ್ದು" ಅಂತ ಭಟ್ಟರು ಹೋದ ತಿಂಗಳು ಸಂಬಳ ಜಾಸ್ತಿ ಕೇಳಿದರು. ಕೊಟ್ಟೆ.