ಹಾಸನದ ವಾರ್ಡಿನ ಡೇಟಾಗೆ ಸೈಟೇಶನ್ ಬಂದ ಬಗೆ: ನನ್ನ ಅನುಭವ

ಹಾವು ಕಡಿತದ ಬಗ್ಗೆ ನಾನು ಬರೆದ ಒಂದು ಪೇಪರ್‌ಗೆ ಈಗ ಗೂಗಲ್ ಸ್ಕಾಲರ್‌ನಲ್ಲಿ ಅರವತ್ತರ ಮೇಲೆ ಸೈಟೇಶನ್ ಇದೆ, ಅಂದರೆ ಅಷ್ಟು ಕಡೆ ಬೇರೆಯವರು ಅದನ್ನು ಉಲ್ಲೇಖಿಸಿದ್ದಾರೆ. ಸ್ಕೋಪಸ್ ಎಂಬ ಸಂಶೋಧನಾ ಸೂಚಿಯಲ್ಲಿ ನಲವತ್ತರ ಆಸುಪಾಸು. ಗ್ರಾಂಟ್ ಇರಲಿಲ್ಲ, ರಿಸರ್ಚ್ ಅಸಿಸ್ಟೆಂಟ್ ಇರಲಿಲ್ಲ. ಹಾಸನದಲ್ಲಿ ಕೂತು, ಮೆಡಿಸಿನ್ ವಾರ್ಡಿನ ಕೇಸ್ ಶೀಟ್ ಇಟ್ಟುಕೊಂಡು ಬರೆದದ್ದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟದ ಕೆಲಸದವರ ಕೇಸುಗಳು. "ಜಿಲ್ಲಾ ಆಸ್ಪತ್ರೆ ಡೇಟಾನ ಯಾರಮ್ಮಾ ಓದ್ತಾರೆ?" ಎಂದು ಕೇಳಿದ್ದ ಹಿರಿಯರೇ ಈಗ ಪಿಜಿಗಳನ್ನು (ಸ್ನಾತಕೋತ್ತರ ವಿದ್ಯಾರ್ಥಿಗಳನ್ನು) ನನ್ನ ಹತ್ತಿರ ಕಳಿಸುತ್ತಾರೆ. ಪ್ರತಿಯೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಇದಕ್ಕೂ ಮೊದಲು ನನ್ನದೊಂದು ಹಾವಿನ ಪೇಪರ್ ಬಂದಿತ್ತು. ಇನ್ನೂರು ಚಿಲ್ಲರೆ ಕೇಸು. ಎಲ್ಲರೂ ಬರೆಯುವ ಹಾಗೆ "ಕ್ಲಿನಿಕಲ್ ಪ್ರೊಫೈಲ್ ಆಫ್ ಸ್ನೇಕ್ ಬೈಟ್". ಗಂಡಸರು ಶೇಕಡಾ ಇಷ್ಟು, ಕಾಲಿಗೆ ಕಚ್ಚಿದ್ದು ಇಷ್ಟು, ಸರಾಸರಿ ವಯಲ್ (ಪ್ರತಿವಿಷದ ಸೀಸೆ) ಇಷ್ಟು, ಸಾವು ಇಷ್ಟು. ಪ್ರಮೋಷನ್‌ಗೆ ಆಯ್ತು, ಅಷ್ಟೇ. ನಾಲ್ಕೈದು ವರ್ಷದಲ್ಲಿ ಮೂರು ಸೈಟೇಶನ್. ಅದರಲ್ಲಿ ಎರಡು ನಮ್ಮ ಡಿಪಾರ್ಟ್‌ಮೆಂಟಿನದೇ.

ಆಗ ಕೇರಳದ ಒಬ್ಬರಿಂದ ಮೇಲ್ ಬಂತು. ಅವರು ಹಂಪ್-ನೋಸ್ಡ್ ಪಿಟ್ ವೈಪರ್ ಎಂಬ ವಿಷದ ಹಾವಿನ ಕಡಿತದ ಮೇಲೆ ರಿವ್ಯೂ, ಅಂದರೆ ಬಂದ ಪೇಪರ್‌ಗಳನ್ನೆಲ್ಲ ಒಟ್ಟು ಸೇರಿಸಿ ನೋಡುವ ಕೆಲಸ, ಮಾಡುತ್ತಿದ್ದರು. ನಿಮ್ಮ ಕೇಸುಗಳಲ್ಲಿ ಈ ಹಾವು ಅಂತ ಖಚಿತ ಆದವು ಎಷ್ಟು, ಅವರಲ್ಲಿ ಡಯಾಲಿಸಿಸ್ ಆದವರು ಎಷ್ಟು, ಒಬ್ಬೊಬ್ಬರಿಗೆ ಎಷ್ಟು ವಯಲ್ ಹೋಯಿತು ಎಂದು ಕೇಳಿದ್ದರು. ಪೇಪರಿನಲ್ಲಿ "ವೈಪರ್" ಅಂತ ಒಂದೇ ಕಾಲಂ ಇತ್ತು. ಅವರ ರಿವ್ಯೂ ಬಂದಾಗ ನನ್ನ ಪೇಪರ್ "ಮಾಹಿತಿ ಸಾಲದ್ದರಿಂದ ಕೈಬಿಟ್ಟವು" ಪಟ್ಟಿಯಲ್ಲಿತ್ತು. ಆ ಪಟ್ಟಿಯನ್ನು ನಾನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಅದರಲ್ಲಿದ್ದ ಪೇಪರ್‌ಗಳು ಬಹುಪಾಲು ನಮ್ಮಂಥ ಕಾಲೇಜುಗಳದೇ. ಕೇಸು ನೋಡುವವರು ನಾವು, ಲೆಕ್ಕಕ್ಕೆ ಬರದವರೂ ನಾವೇ.

ವಿಷಯ ನಿಮಗೆ ಗೊತ್ತಿರುವುದೇ. ನಮ್ಮ ಪಾಲಿವೇಲೆಂಟ್ ಎಎಸ್‌ವಿ (ಹಲವು ಹಾವಿಗೆ ಒಂದೇ ಪ್ರತಿವಿಷ) ಇರುವುದು ನಾಲ್ಕು ಹಾವಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ತೋಟದ ತರಗಿನಲ್ಲಿ ಕಾಲಿಗೆ ಕಚ್ಚುವ ಹಂಪ್-ನೋಸ್ಡ್ ಅದರಲ್ಲಿಲ್ಲ. ಕಾಫಿ ಗಿಡದಲ್ಲಿ, ಮೆಣಸಿನ ಬಳ್ಳಿಯಲ್ಲಿ ಕೂತು ಕೈಗೆ ಕಚ್ಚುವ ಮಲಬಾರ್ ಪಿಟ್ ವೈಪರ್ ಕೂಡ ಇಲ್ಲ. ವಯಲ್ ಮೇಲೆ ವಯಲ್ ಹಾಕಿದರೂ ರಕ್ತ ಹೆಪ್ಪುಗಟ್ಟದೆ ಇರುವ ಹಂಪ್-ನೋಸ್ಡ್ ಕೇಸುಗಳನ್ನು ಮಲೆನಾಡಿನ ಯಾವ ಡ್ಯೂಟಿ ಡಾಕ್ಟರ್ ನೋಡಿಲ್ಲ ಹೇಳಿ? ಕೆಲವರಿಗೆ ಕಿಡ್ನಿಯೂ ಹೋಗುತ್ತದೆ. ಅಂದರೆ ಜಗತ್ತಿಗೆ ಬೇಕಾದ ಡೇಟಾ ನಮ್ಮ ರೆಕಾರ್ಡ್ ರೂಮಿನಲ್ಲಿ ಧೂಳು ಹಿಡಿದು ಬಿದ್ದಿತ್ತು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿದ ಮೇಲೆ ರಿವ್ಯೂ ಬರೆಯುವವರು ಜಾಸ್ತಿಯಾದರು. ಅವರಿಗೆ ಸರಾಸರಿ ಬೇಡ, ಒಬ್ಬೊಬ್ಬ ರೋಗಿಯ ಸಾಲು ಬೇಕು.

ಹಾಗಾಗಿ ಎರಡನೇ ಸಲ ಪೇಪರ್ ಆಮೇಲೆ, ಶೀಟ್ (ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲಿನ ಪಟ್ಟಿ) ಮೊದಲು ಅಂತ ಇಟ್ಟುಕೊಂಡೆ. ಹಾವು, ಹಾವು ಗೊತ್ತಾದ ರೀತಿ, ಕಚ್ಚಿದ ಜಾಗ, ಆಸ್ಪತ್ರೆಗೆ ಬರಲು ಹಿಡಿದ ಗಂಟೆ, ಕ್ಲಾಟಿಂಗ್ ಟೆಸ್ಟ್ (ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ನೋಡುವುದು) ಪ್ರತಿ ಆರು ಗಂಟೆಗೆ, ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತಿಳಿಸುವ ರಕ್ತ ಪರೀಕ್ಷೆ) ದಿನಕ್ಕೊಂದು, ವಯಲ್, ಡಯಾಲಿಸಿಸ್, ಕೊನೆಗೆ ಏನಾಯಿತು. ಹಾವೇ ಸಿಕ್ಕಿದ್ದು ಅಥವಾ ಫೋಟೊ ಇದ್ದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಕವರಿನಲ್ಲಿ ಸತ್ತ ಹಾವು ತರುವುದು ಈಗ ಕಡಿಮೆ, ಮೊಬೈಲ್ ಫೋಟೊ ಜಾಸ್ತಿ. ಉಳಿದ ಕೇಸುಗಳನ್ನು ಮುಖ್ಯ ಲೆಕ್ಕದಿಂದ ತೆಗೆದೆ. ನಾನೂರರಿಂದ ನೂರಮೂವತ್ತಕ್ಕೆ ಇಳಿಯಿತು. ಸ್ಟಾಟಿಸ್ಟಿಷಿಯನ್ ತಲೆ ಚಚ್ಚಿಕೊಂಡರು. "ಮೇಡಂ, ಸ್ಯಾಂಪಲ್ ಸೈಜೇ ಹೋಯ್ತಲ್ಲ!" ಹೋಗಲಿ ಎಂದೆ. ಖಚಿತವಾದ ನೂರಮೂವತ್ತರ ಮುಂದೆ ಗೊತ್ತಿಲ್ಲದ ನಾನೂರು ಏನೂ ಅಲ್ಲ. ಫೋಟೊ ನೋಡಿ ಹಾವು ಗುರುತಿಸಿ ಕೊಡುವವರು ಇಬ್ಬರಿದ್ದಾರೆ. ಒಬ್ಬರ ಉತ್ತರ ಇನ್ನೊಬ್ಬರಿಗೆ ತೋರಿಸದೆ ಕೇಳುತ್ತೇನೆ. ಅವರು ಯಾರು ಅಂತ ಹೇಳಲ್ಲ, ಈಗಲೇ ಅವರ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ.

ಮಧ್ಯೆ ಕ್ಲಾಟಿಂಗ್ ಟೆಸ್ಟ್ ನನ್ನನ್ನು ಬೇರೆ ದಾರಿಗೆ ಎಳೆಯಿತು. ಇಪ್ಪತ್ತು ನಿಮಿಷದ ಟೆಸ್ಟ್, ಗಾಜಿನ ಟ್ಯೂಬು, ಅಲ್ಲಾಡಿಸಬಾರದು. ಎಲ್ಲರಿಗೂ ಗೊತ್ತು. ಆದರೂ ರಾತ್ರಿ ಪಾಳಿಯಲ್ಲಿ ಬಂದ ರಿಸಲ್ಟ್ ಬೆಳಿಗ್ಗೆ ಲ್ಯಾಬಿನ ಪಿಟಿಗೆ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಪರೀಕ್ಷೆಗೆ) ತಾಳೆಯೇ ಆಗುತ್ತಿರಲಿಲ್ಲ. ನೋಡಿದರೆ ಕೆಲವು ಸಲ ಪ್ಲಾಸ್ಟಿಕ್ ಟ್ಯೂಬು, ಕೆಲವು ಸಲ ಸೋಪಿನ ಪುಡಿಯಲ್ಲಿ ತೊಳೆದ ಹಳೇ ಗಾಜಿನ ಟ್ಯೂಬು. ಎರಡರಲ್ಲೂ ಆರೋಗ್ಯವಂತರ ರಕ್ತವೂ ಸರಿಯಾಗಿ ಹೆಪ್ಪುಗಟ್ಟಲ್ಲ. ಹೌಸ್ ಸರ್ಜನ್‌ಗಳ ರಕ್ತವನ್ನೇ ತೆಗೆದು ಮೂರು ಥರದ ಟ್ಯೂಬಿನಲ್ಲಿ ಸಾಲಾಗಿ ಇಟ್ಟು ನೋಡಿದೆವು, ಖುಷಿಯಿಂದಲೇ ಕೊಟ್ಟರು. ಅದನ್ನು ಎರಡು ಪುಟದ ಪತ್ರವಾಗಿ ಜರ್ನಲ್‌ಗೆ ಕಳಿಸಿದೆ. ಅದಕ್ಕೂ ಹತ್ತು ಹನ್ನೆರಡು ಸೈಟೇಶನ್ ಬಂದಿದೆ. ಈಗ ಕ್ಯಾಷುಯಾಲ್ಟಿಯಲ್ಲಿ ಹೊಸ ಗಾಜಿನ ಟ್ಯೂಬಿನ ಡಬ್ಬ ಬೇರೆಯೇ ಇಟ್ಟಿದ್ದೇವೆ, ಬೀಗ ಹಾಕಿ.

ಪೇಪರ್ ಕಳಿಸುವ ಕಥೆ ಉದ್ದ. ಮೊದಲ ಜರ್ನಲ್ ವಾರದೊಳಗೆ ವಾಪಸ್. ಎರಡನೆಯದು ಏಳೆಂಟು ತಿಂಗಳು ಇಟ್ಟುಕೊಂಡು, ಸ್ಥಳೀಯ ಆಸಕ್ತಿಯ ವಿಷಯ ಅಂತ ಒಂದು ಸಾಲಿನಲ್ಲಿ ಮುಗಿಸಿತು. ಮೂರನೆಯದು ಒಪ್ಪಿತು, ಜೊತೆಗೆ ಪ್ರಕಟಣೆಯ ಶುಲ್ಕ ಅಂತ ಒಂದೂವರೆ ಲಕ್ಷ ರೂಪಾಯಿಗೂ ಮೇಲಿನ ಬಿಲ್ ಕಳಿಸಿತು. ಪತ್ರ ಬರೆದೆ, ಅರ್ಧ ಕಡಿಮೆ ಮಾಡಿದರು. ಆದರೂ ಎಂಬತ್ತು ಸಾವಿರ. ನಮ್ಮ ಮನೆಯವರು ಕಟ್ಟಿಬಿಡು ಎಂದರು, ನಾನು ವಾಪಸ್ ತೆಗೆದುಕೊಂಡೆ. ನಾಲ್ಕನೆಯ ಕಡೆ ಪೂರ್ತಿ ಮಾಫಿ ಸಿಕ್ಕಿತು. ಬಡ ದೇಶಗಳಿಗೆ ತಾನಾಗಿಯೇ ಸಿಗುವ ರಿಯಾಯಿತಿ ಭಾರತಕ್ಕೆ ಸಾಮಾನ್ಯವಾಗಿ ಇರಲ್ಲ, ಸಂಪಾದಕರಿಗೆ ಬರೆದೇ ಕೇಳಬೇಕು. ಪೇಪರ್ ತಜ್ಞರ ಪರಿಶೀಲನೆಗೆ ಹೋಗುವ ಮೊದಲೇ ಕೇಳಬೇಕು, ಒಪ್ಪಿದ ಮೇಲೆ ಅಲ್ಲ. ಆ ಪತ್ರದ ಒಕ್ಕಣೆ ಮಾತ್ರ ಇಲ್ಲಿ ಹಾಕಲ್ಲ. ಎಲ್ಲರೂ ಅದೇ ಪತ್ರ ಕಳಿಸಿದರೆ ಅದು ಕೆಲಸ ಮಾಡಲ್ಲ.

ನನಗೆ ಆದ ಖರ್ಚು ಎಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ. ಸ್ಟಾಟಿಸ್ಟಿಷಿಯನ್‌ಗೆ ಹನ್ನೆರಡು, ಇಂಗ್ಲಿಷ್ ತಿದ್ದಲು ಎಂಟೊಂಬತ್ತು, ಉಳಿದದ್ದು ಟೈಪಿಂಗು, ಜೆರಾಕ್ಸು, ರೆಕಾರ್ಡ್ ರೂಮಿನ ಹುಡುಗರಿಗೆ ಕಾಫಿ ತಿಂಡಿ. "ಡಿಯರ್ ಡಾಕ್ಟರ್, ಗ್ರೀಟಿಂಗ್ಸ್" ಅಂತ ದಿನಾ ಮೇಲ್ ಕಳಿಸುವ ಜರ್ನಲ್‌ಗಳಿಗೆ ಪೇಪರಿಗೆ ಹದಿನೈದು ಇಪ್ಪತ್ತು ಸಾವಿರ ಕಟ್ಟಿದವರನ್ನು ಬಲ್ಲೆ. ಒಳ್ಳೆಯ ಡೇಟಾ ಅಲ್ಲಿ ಹೂತುಹೋಗಿದೆ. ರಿವ್ಯೂ ಮಾಡುವವರು ಹುಡುಕುವುದು ಪಬ್‌ಮೆಡ್, ಎಂಬೇಸ್, ಸ್ಕೋಪಸ್ ಎಂಬ ಸೂಚಿಗಳಲ್ಲಿ. ಅಲ್ಲಿ ಇಲ್ಲದಿದ್ದರೆ ಇಲ್ಲ, ಅಷ್ಟೇ.

ಈಗ ಮುಖ್ಯ ವಿಷಯ. ಶೀಟ್ ಪೂರ್ತಿಯಾಗಿ ಜೆನೊಡೊದಲ್ಲಿ ಹಾಕಿದೆ. ಸರ್ನ್ ಎಂಬ ಯುರೋಪಿನ ಸಂಶೋಧನಾ ಕೇಂದ್ರ ನಡೆಸುವ ಆನ್‌ಲೈನ್ ಡೇಟಾ ಭಂಡಾರ ಅದು, 2013ರಿಂದ ಇದೆ. ದುಡ್ಡಿಲ್ಲ, ಡಿಓಐ (ಉಲ್ಲೇಖಿಸಲು ಬಳಸುವ ಶಾಶ್ವತ ಗುರುತು) ಸಿಗುತ್ತದೆ. ಇಲ್ಲೇ ದೊಡ್ಡ ಜಗಳ ಆದದ್ದು.

"ಅಲ್ಲಮ್ಮಾ, ಡೇಟಾ ಎಲ್ಲ ಬಿಟ್ಟುಕೊಟ್ರೆ ಬೇರೆಯವ್ರು ಪೇಪರ್ ಮಾಡ್ಕೊಳ್ಳಲ್ವಾ?" ಎಂದರು ಹಿರಿಯರು.

"ಮಾಡ್ಕೊಳ್ಳಲಿ ಸರ್. ನಮ್ಮ ಹೆಸರು ಹಾಕ್ಲೇಬೇಕಲ್ಲ" ಎಂದೆ.

ಎಥಿಕ್ಸ್ ಕಮಿಟಿ ಎರಡು ಸಲ ವಾಪಸ್ ಕಳಿಸಿತು. ಅವರು ಕೇಳಿದ್ದು ಸರಿಯಾಗಿಯೇ ಇತ್ತು. ಒಂದು ತಾಲ್ಲೂಕಿನಲ್ಲಿ ಮಲಬಾರ್ ಪಿಟ್ ವೈಪರ್ ಕಚ್ಚಿದ ನಲವತ್ತೆರಡು ವರ್ಷದ ಹೆಂಗಸು ಎಂದರೆ ಊರಿಗೇ ಗೊತ್ತಾಗುತ್ತದೆ. ಹಾಗಾಗಿ ತೋಟದ ಹೆಸರು ತೆಗೆದೆವು, ತಾಲ್ಲೂಕನ್ನೂ ತೆಗೆದೆವು. ವಯಸ್ಸು ಐದೈದು ವರ್ಷದ ಗುಂಪಾಯಿತು, ತಾರೀಕಿನ ಬದಲು ತಿಂಗಳು ಬಂತು. ಗಂಟೆಯ ಲೆಕ್ಕ ಮಾತ್ರ ಬಿಡಲಿಲ್ಲ, ಅದೇ ಜೀವಾಳ.

ಹಾಕಿದ ಮೇಲೆ ಸುಮ್ನೆ ಕೂತರೆ ಯಾರೂ ಬರಲ್ಲ. ಪ್ರಾಸ್ಪೆರೊ ಅಂತ ಇದೆಯಲ್ಲ, ಯಾರ್ಕ್ ವಿಶ್ವವಿದ್ಯಾಲಯದ ರಿಜಿಸ್ಟರು. ಸಿಸ್ಟಮ್ಯಾಟಿಕ್ ರಿವ್ಯೂ ಮಾಡುವವರು ಶುರು ಮಾಡುವ ಮುಂಚೆ ಅಲ್ಲಿ ದಾಖಲಿಸುತ್ತಾರೆ. ಯಾರು ಬೇಕಾದರೂ ನೋಡಬಹುದು, ಮೇಲ್ ವಿಳಾಸವೂ ಇರುತ್ತದೆ. ತಿಂಗಳಿಗೆ ಒಂದು ಸಲ ಹುಡುಕುತ್ತೇನೆ. ಹಾವು, ಕಿಡ್ನಿ, ಎಎಸ್‌ವಿ ರಿಯಾಕ್ಷನ್, ಡಯಾಲಿಸಿಸ್ ವಿಷಯದ ಹೊಸ ರಿವ್ಯೂ ಕಂಡರೆ ಅವರಿಗೆ ನಾಲ್ಕು ಸಾಲು ಬರೆದು ಡಿಓಐ ಕಳಿಸುತ್ತೇನೆ. ನಮ್ಮ ಶೀಟಿನ ಯಾವ ಕಾಲಂ ಅವರ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ಬರೆಯಬೇಕು. ಸೈಟ್ ಮಾಡಿ ಅಂತ ಕೇಳಲೇಬಾರದು. ಸಬ್ಜೆಕ್ಟ್ ಲೈನಿನಲ್ಲಿ ಏನು ಹಾಕುತ್ತೇನೆ ಎನ್ನುವುದು ನನ್ನ ಹತ್ತಿರವೇ ಇರಲಿ. ಮೂರು ಮೇಲ್‌ಗೆ ಒಂದು ಉತ್ತರ ಬರುತ್ತದೆ. ಉತ್ತರ ಕೊಟ್ಟವರು ಹೆಚ್ಚು ಕಡಿಮೆ ಎಲ್ಲರೂ ಡೇಟಾ ಬಳಸಿದ್ದಾರೆ. ಒಂದು ರಿವ್ಯೂಗೆ ಸೇರಿದರೆ ಮುಂದಿನ ರಿವ್ಯೂನವರು ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ. ಮೊದಲ ವರ್ಷ ಐದೋ ಆರೋ ಸೈಟೇಶನ್ ಇತ್ತು, ಎರಡನೇ ವರ್ಷದಿಂದ ತಾನಾಗಿಯೇ ಏರಿತು.

ಹೆಸರಿನ ಗೋಳು ಹೇಳದೆ ಇರಲಾರೆ. ನಮ್ಮ ಹೆಸರಿನ ಮುಂದೆ ಊರು, ಅಪ್ಪನ ಹೆಸರು ಇನಿಷಿಯಲ್ ಆಗಿ ಇರುತ್ತದೆ. ಮದುವೆಯಾದ ಮೇಲೆ ಕೆಲವರದ್ದು ಬದಲಾಗುತ್ತದೆ. ಜರ್ನಲ್‌ನವರು ಸರ್‌ನೇಮ್ ಕೇಳುತ್ತಾರೆ, ನಾವು ಒಂದು ಸಲ ಇನಿಷಿಯಲ್ ಹಾಕುತ್ತೇವೆ, ಒಂದು ಸಲ ಬಿಡಿಸಿ ಬರೆಯುತ್ತೇವೆ. ಸ್ಕೋಪಸ್‌ನಲ್ಲಿ ನಾನು ಮೂರು ಜನ ಆಗಿದ್ದೆ! ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ) ಮಾಡಿಕೊಂಡು, ಮೂರನ್ನೂ ಸೇರಿಸಿ ಅಂತ ಬರೆದ ಮೇಲೆ ಎಚ್-ಇಂಡೆಕ್ಸ್ (ಪೇಪರ್, ಸೈಟೇಶನ್ ಎರಡನ್ನೂ ಲೆಕ್ಕ ಹಾಕುವ ಅಂಕ) ಒಂದೇ ಏಟಿಗೆ ಎರಡು ಏರಿತು. ಹೊಸ ಪೇಪರ್ ಒಂದೂ ಬರೆಯದೆ! ಪಿಜಿಗಳಿಗೆ ಥೀಸಿಸ್ ಕೊಡುವ ದಿನವೇ ಆರ್ಕಿಡ್ ಮಾಡಿಸುತ್ತೇನೆ. ಒಂದು ಹೆಸರು ಆರಿಸಿಕೋ, ಸಾಯುವವರೆಗೂ ಅದೇ ಇರಲಿ ಎನ್ನುತ್ತೇನೆ.

ಬೇರೆ ಪ್ರಯತ್ನಗಳೂ ಮಾಡಿದೆ. ರಿಸರ್ಚ್‌ಗೇಟ್‌ನಲ್ಲಿ ಹಾಕಿದೆ, ಓದಿದವರು ಸಾವಿರಾರು, ಸೈಟ್ ಮಾಡಿದವರು ಅಲ್ಲಿಂದ ಬಂದಂತೆ ಕಾಣಲಿಲ್ಲ. ಟ್ವಿಟರ್‌ನಲ್ಲಿ ಪಿಜಿ ಒಬ್ಬ ಉತ್ಸಾಹದಿಂದ ಬರೆದ, ಲೈಕ್ ಬಂತು. ಸಮ್ಮೇಳನದ ಪೋಸ್ಟರಿಗೆ ಕ್ಯೂಆರ್ ಕೋಡ್ ಅಂಟಿಸಿದೆವು, ಸ್ಕ್ಯಾನ್ ಮಾಡಿದವರು ನಾಲ್ಕೈದು ಜನ. ಕನ್ನಡದಲ್ಲಿ ಒಂದು ಪುಟ ಮಾಡಿ ಸಕಲೇಶಪುರ, ಹಾನುಬಾಳು ಕಡೆಯ ತೋಟಗಳ ರೈಟರ್‌ಗಳಿಗೆ (ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವವರಿಗೆ) ವಾಟ್ಸಾಪ್‌ನಲ್ಲಿ ಕಳಿಸಿದೆ: ಹಾವು ಹೊಡೆಯಲು ಹೋಗಬೇಡಿ, ಸಾಧ್ಯವಾದರೆ ದೂರದಿಂದ ಒಂದು ಫೋಟೊ, ದಾರ ಕಟ್ಟಬೇಡಿ, ಕೊಯ್ಯಬೇಡಿ, ಬೇಗ ಬನ್ನಿ. ಸೈಟೇಶನ್ ಲೆಕ್ಕದಲ್ಲಿ ಇದು ಸೊನ್ನೆ. ಆದರೆ ಮುಂದಿನ ಮಳೆಗಾಲದಲ್ಲಿ ಫೋಟೊ ಇಟ್ಟುಕೊಂಡು ಬಂದವರು ಅರ್ಧಕ್ಕರ್ಧ ಆದರು. ಇಷ್ಟರಲ್ಲಿ ನನಗೆ ಬಹಳ ಹೆಮ್ಮೆ ಇರುವುದು ಇದೊಂದರ ಬಗ್ಗೆ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಘೋಷಿಸಿತು. ಈಗ ಎಣಿಕೆ ಎಲ್ಲ ಕಡೆಯಿಂದ ಬರುತ್ತಿದೆ. ಆದರೆ ಯಾವ ಹಾವು, ಎಷ್ಟನೇ ಗಂಟೆಗೆ ಎಷ್ಟು ವಯಲ್ ಎನ್ನುವುದು ವಾರ್ಡಿನವರೇ ಬರೆದಿಟ್ಟರೆ ಮಾತ್ರ ಉಳಿಯುತ್ತದೆ. ಜೆನೊಡೊದಲ್ಲಿ ಹಳೆಯ ಶೀಟಿನ ಮೇಲೆಯೇ ಹೊಸ ಆವೃತ್ತಿ ಹಾಕಬಹುದು, ಎಲ್ಲ ಆವೃತ್ತಿಗೂ ಸೇರಿದ ಡಿಓಐ ಒಂದು ಬೇರೆಯೇ ಇರುತ್ತದೆ, ಅದು ಬದಲಾಗಲ್ಲ. ಎರಡನೇ ಆವೃತ್ತಿಗೆ ಇನ್ನೊಂದು ಎಪ್ಪತ್ತು ಎಂಬತ್ತು ಖಚಿತ ಕೇಸು ಸಿದ್ಧ ಇವೆ. ಚಿಕ್ಕಮಗಳೂರು, ಕೊಪ್ಪ, ಕಳಸ ಕಡೆಯಲ್ಲಿ ಕೆಲಸ ಮಾಡುವವರು ಯಾರಾದರೂ ನಿಮ್ಮ ಕೇಸು ಸೇರಿಸುವುದಾದರೆ ಕಾಲಂಗಳ ಖಾಲಿ ಶೀಟ್ ಕೊಡುತ್ತೇನೆ. ಫೋಟೊ ಇರಬೇಕು, ನಿಮ್ಮ ಎಥಿಕ್ಸ್ ಒಪ್ಪಿಗೆ ಇರಬೇಕು. ಹೆಸರು ಲೇಖಕರ ಸಾಲಿನಲ್ಲೇ ಬರುತ್ತದೆ, ಕೊನೆಯಲ್ಲಿ ಧನ್ಯವಾದ ಹೇಳುವ ಕಡೆ ಅಲ್ಲ.